ಕಾರವಾರದಿಂದ ಕಂಡ ಸ್ಪ್ಯಾನಿಷ್, ಪೋರ್ಚುಗೀಸ್ ಸುದ್ದಿಲೋಕ: ಯಾವುದಕ್ಕೆ ಚಂದಾ, ಯಾವುದಕ್ಕೆ ಬೇಡ

ಮ್ಯಾಡ್ರಿಡ್, ಲಿಸ್ಬನ್, ಸಾವ್ ಪಾವ್ಲೊ, ಮೆಕ್ಸಿಕೊ ನಗರಗಳ ಪತ್ರಿಕೆಗಳನ್ನು ಕಾರವಾರದಲ್ಲಿ ಕುಳಿತು ಓದಲು ಈಗ ಒಂದು ಮೊಬೈಲ್, ಹೊರದೇಶದ ಪಾವತಿಗೆ ಒಪ್ಪುವ ಒಂದು ಕಾರ್ಡು ಹಾಗೂ ತಕ್ಕಮಟ್ಟಿನ ಸಹನೆ ಇದ್ದರೆ ಸಾಕು. ಭಾಷೆಯ ತೊಡಕನ್ನು ಯಂತ್ರಾನುವಾದ ಬಹುಪಾಲು ನಿವಾರಿಸಿದೆ. ಇಂಗ್ಲಿಷಿಗೆ ಬರುವ ಅನುವಾದ ನಂಬಲರ್ಹವಾಗಿದೆ, ಕನ್ನಡಕ್ಕೆ ಬರುವುದು ಸುದ್ದಿಗೆ ಸಾಕಾಗುತ್ತದೆ, ಸಂಪಾದಕೀಯಕ್ಕೆ ಸಾಲದು. ಆದರೆ ಸುಮಾರು ಇಪ್ಪತ್ತೈದು ದೇಶಗಳ ನೂರಾರು ಪತ್ರಿಕೆ, ವಾಹಿನಿಗಳಲ್ಲಿ ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಉಚಿತವಾಗಿ ನೋಡಿದರೆ ಸಾಕು, ಯಾವುದನ್ನು ಮುಟ್ಟುವುದೇ ಬೇಡ ಎಂದು ಹೇಳುವವರು ಕನ್ನಡದಲ್ಲಿ ಕಡಿಮೆ. ಕೆಲವು ವರ್ಷಗಳಿಂದ ಇವುಗಳಲ್ಲಿ ಕೆಲವನ್ನು ದುಡ್ಡು ಕೊಟ್ಟು, ಉಳಿದವನ್ನು ಕೊಡದೆ ಓದುತ್ತಿರುವವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯವರಿಗೆ ಈ ಆಸಕ್ತಿ ತೀರಾ ಹೊರಗಿನದೂ ಅಲ್ಲ. ಕಾಳಿ ನದಿಯನ್ನೂ ಮಾಜಾಳಿಯ ಗಡಿಯನ್ನೂ ದಾಟಿದರೆ ಸಿಗುವ ನೆಲದಲ್ಲಿ 1821ರಲ್ಲೇ ‘ಗಜೇತಾ ದೆ ಗೋವಾ’ ಎಂಬ ಪೋರ್ಚುಗೀಸ್ ಪತ್ರಿಕೆ ಹೊರಟಿತ್ತು. 1900ರಲ್ಲಿ ಆರಂಭವಾದ ‘ಒ ಹೆರಾಲ್ಡೊ’ ದಿನಪತ್ರಿಕೆ ಪೋರ್ಚುಗೀಸರು ಹೋದ ಮೇಲೂ ಅದೇ ಭಾಷೆಯಲ್ಲಿ ಎರಡು ದಶಕ ನಡೆದು, 1983ರಲ್ಲಿ ಇಂಗ್ಲಿಷಿಗೆ ಹೊರಳಿತು. ಇಷ್ಟಾದರೂ ಲಿಸ್ಬನ್ನಿನ ಸುದ್ದಿ ಇಂದು ನಮಗೆ ತಲುಪುವುದು ಲಂಡನ್ನಿನ ಇಲ್ಲವೆ ನ್ಯೂಯಾರ್ಕಿನ ಸುದ್ದಿಸಂಸ್ಥೆಯ ಕೈದಾಟಿಯೇ. ಲ್ಯಾಟಿನ್ ಅಮೆರಿಕವಂತೂ ಭೂಕಂಪವಾದಾಗ, ಅಧ್ಯಕ್ಷರೊಬ್ಬರು ಜೈಲಿಗೆ ಹೋದಾಗ ಮತ್ತು ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮಾತ್ರ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಒಂದೇ ಒಂದು ಚಂದಾ ಕೊಡುವವರಿಗೆ ನನ್ನ ಶಿಫಾರಸು ಸ್ಪೇನಿನ ‘ಎಲ್ ಪಾಯೀಸ್’. ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡ ಕೆಲವೇ ತಿಂಗಳಲ್ಲಿ, 1976ರ ಮೇ 4ರಂದು ಮ್ಯಾಡ್ರಿಡ್ಡಿನಲ್ಲಿ ಹುಟ್ಟಿದ ಈ ಪತ್ರಿಕೆ ಐದು ವರ್ಷವೂ ತುಂಬದ ವಯಸ್ಸಿನಲ್ಲಿ ತನ್ನ ಹೆಸರನ್ನು ಸಂಪಾದಿಸಿಕೊಂಡಿತು. 1981ರ ಫೆಬ್ರವರಿ 23ರ ಸಂಜೆ ಲೆಫ್ಟಿನೆಂಟ್ ಕರ್ನಲ್ ತೆಖೇರೊ ಎಂಬ ಅಧಿಕಾರಿ ಸಶಸ್ತ್ರ ಪಡೆಯೊಂದಿಗೆ ಸಂಸತ್ತಿಗೆ ನುಗ್ಗಿ ಜನಪ್ರತಿನಿಧಿಗಳನ್ನು ಒತ್ತೆಯಿಟ್ಟುಕೊಂಡಿದ್ದಾಗ, ಸೈನ್ಯ ಯಾವ ಕಡೆ ನಿಲ್ಲುತ್ತದೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ, ತಾನು ಸಂವಿಧಾನದ ಪಕ್ಷವೆಂದು ಮುಖಪುಟದಲ್ಲೇ ಸಾರಿ ವಿಶೇಷ ಸಂಚಿಕೆಯನ್ನು ಅಚ್ಚುಹಾಕಿ ಬೀದಿಗೆ ತಂದದ್ದು ಇದೇ ಪತ್ರಿಕೆ. ದೊರೆ ಹುವಾನ್ ಕಾರ್ಲೋಸ್ ದೂರದರ್ಶನದಲ್ಲಿ ಮಾತನಾಡಿದ್ದು ಅದಾಗಿ ಎಷ್ಟೋ ಗಂಟೆಗಳ ನಂತರ, ನಡುರಾತ್ರಿ ಕಳೆದ ಮೇಲೆ.

ಹಳೆಯ ಕೀರ್ತಿಯಿಂದ ಇಂದಿನ ಚಂದಾ ಸಮರ್ಥನೆಯಾಗುವುದಿಲ್ಲ. ಇಂದಿನ ಪತ್ರಿಕೆಯಲ್ಲಿ ಮೆಚ್ಚತಕ್ಕದ್ದು ಅದರ ಹರಹು. ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ, ಚಿಲಿಗಳಲ್ಲಿ ಅದರದೇ ವರದಿಗಾರರಿದ್ದಾರೆ; ಬೊಗೊಟಾದ ಚುನಾವಣೆಯನ್ನೂ ಸಾಂತಿಯಾಗೊದ ಪಿಂಚಣಿ ವಿವಾದವನ್ನೂ ಒಂದೇ ಚಂದಾದಲ್ಲಿ ಅನುಸರಿಸಬಹುದು. ಭಾಷಾ ಕೈಪಿಡಿಯೊಂದನ್ನು ಸಿದ್ಧಪಡಿಸಿ ಪ್ರಕಟಿಸಿರುವ ಪತ್ರಿಕೆಯಾದ್ದರಿಂದ ವಾಕ್ಯಗಳು ಅಚ್ಚುಕಟ್ಟಾಗಿದ್ದು ಯಂತ್ರಾನುವಾದದಲ್ಲಿಯೂ ಕೆಡುವುದಿಲ್ಲ. ಇಂಗ್ಲಿಷ್ ಆವೃತ್ತಿಯೊಂದು ಇದೆಯಾದರೂ ಅದರಲ್ಲಿ ಬರುವುದು ಮೂಲದ ಒಂದು ಪಾಲು ಮಾತ್ರ. ಕೊರತೆಯೆಂದರೆ ಅಮೆರಿಕ ಖಂಡದ ಎಡಪಂಥೀಯ ಸರ್ಕಾರಗಳನ್ನು ಕಾಣುವಾಗ ಮ್ಯಾಡ್ರಿಡ್ಡಿನ ಗತ್ತು ಒಮ್ಮೊಮ್ಮೆ ಇಣುಕುತ್ತದೆ. 2013ರ ಜನವರಿಯಲ್ಲಿ ವೆನೆಜುವೆಲಾದ ಅಧ್ಯಕ್ಷ ಊಗೊ ಚಾವೆಸ್ ಆಸ್ಪತ್ರೆಯಲ್ಲಿ ಕೊಳವೆ ಹಾಕಿಸಿಕೊಂಡು ಮಲಗಿದ್ದಾರೆಂದು ಮುಖಪುಟದಲ್ಲಿ ಅಚ್ಚಾದ ಚಿತ್ರ ಬೇರೆ ಯಾರದೋ ಎಂದು ಕೂಡಲೇ ಬಯಲಾಗಿ, ಪತ್ರಿಕೆ ಆ ಮುದ್ರಣವನ್ನು ಹಿಂಪಡೆದು ಓದುಗರ ಕ್ಷಮೆ ಕೇಳಬೇಕಾಯಿತು. ತಪ್ಪಿನ ನಂತರ ಆ ಚಿತ್ರ ತಮ್ಮ ಕೈಗೆ ಹೇಗೆ ಬಂತೆಂಬುದನ್ನು ಅವರೇ ವಿವರವಾಗಿ ಬರೆದು ಪ್ರಕಟಿಸಿದರೆಂಬುದನ್ನೂ ಹೇಳಬೇಕು. ನಾನು ಪತ್ರಿಕೆಗಳನ್ನು ತೂಗುವ ಮುಖ್ಯ ಅಳತೆಗೋಲು ಇದೇ: ಕಷ್ಟದ ದಿನ ಏನು ಅಚ್ಚುಹಾಕಿದರು, ಮತ್ತು ತಪ್ಪಿದ ದಿನದ ಲೆಕ್ಕವನ್ನು ಓದುಗರಿಗೆ ಕೊಟ್ಟರೇ.

ಸ್ಪೇನಿನ ಉಳಿದ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1903ರಿಂದ ಬರುತ್ತಿರುವ ‘ಆಬೇಸೇ’ ರಾಜಪ್ರಭುತ್ವದ ಪರವಾದ ಸಂಪ್ರದಾಯವಾದಿ ಪತ್ರಿಕೆ. 1989ರ ‘ಎಲ್ ಮುಂದೊ’ ಹಗರಣಗಳನ್ನು ಬಯಲಿಗೆಳೆಯುವುದರಲ್ಲಿ ಚುರುಕು. ಬಾರ್ಸಿಲೋನಾದ ‘ಲಾ ವಾನ್‌ಗ್ವಾರ್ದಿಯಾ’ 1881ರಷ್ಟು ಹಳೆಯದಾಗಿದ್ದು 2011ರಿಂದ ಕ್ಯಾಟಲನ್ ಭಾಷೆಯಲ್ಲೂ ಹೊರಡುತ್ತಿದೆ. ಕೊಂಕಣಿ, ಮರಾಠಿ, ಕನ್ನಡಗಳ ನಡುವೆ ಬದುಕುವ ಕಾರವಾರದವರಿಗೆ ಒಂದೇ ಪತ್ರಿಕೆ ಎರಡು ಭಾಷೆಗಳಲ್ಲಿ ದಿನವೂ ಹೊರಡುವ ಏರ್ಪಾಡು ಕುತೂಹಲ ಹುಟ್ಟಿಸಬಹುದು.

ದೂರದರ್ಶನದ ವಿಷಯಕ್ಕೆ ಬಂದರೆ ನನ್ನ ಸಲಹೆ ಸರಳ: ಸಾರ್ವಜನಿಕ ವಾಹಿನಿಗಳನ್ನು ನೋಡಿ, ಖಾಸಗಿ ವಾಹಿನಿಗಳಿಗೆ ಇಲ್ಲಿಂದ ಹಣ ಕಟ್ಟಬೇಡಿ. ಖಾಸಗಿ ಜಾಲಗಳ ಧಾರಾವಾಹಿ, ಫುಟ್‌ಬಾಲ್ ಪಂದ್ಯಗಳ ಪ್ರಸಾರದ ಹಕ್ಕು ದೇಶ ದೇಶಕ್ಕೆ ಬೇರೆಯಾಗಿರುವುದರಿಂದ ಬಹಳಷ್ಟು ಕಾರ್ಯಕ್ರಮಗಳು ಭಾರತದಲ್ಲಿ ತೆರೆಯುವುದೇ ಇಲ್ಲ. ಸ್ಪೇನಿನ ಸಾರ್ವಜನಿಕ ಸಂಸ್ಥೆ ಆರ್‌ಟಿವಿಇ ಮಾತ್ರ ತನ್ನ ವಾರ್ತೆಗಳನ್ನು ಉಚಿತವಾಗಿ ಇಡೀ ಜಗತ್ತಿಗೆ ಬಿಟ್ಟಿದೆ. ಅದರ ಮಧ್ಯಾಹ್ನ ಮೂರರ ವಾರ್ತೆ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ ಬರುತ್ತದೆ. ಅಂದರೆ ದೇವರಿಗೆ ದೀಪ ಹಚ್ಚಿ ಟಿವಿಯ ಮುಂದೆ ಕುಳಿತುಕೊಳ್ಳುವ ನಮ್ಮ ರೂಢಿಗೆ ಅದು ಸರಿಹೊಂದುತ್ತದೆ. 2010ರಿಂದ ಈ ಸಂಸ್ಥೆಯಲ್ಲಿ ವಾಣಿಜ್ಯ ಜಾಹೀರಾತುಗಳನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಜಾಹೀರಾತಿನ ನಡುವೆ ಸುದ್ದಿಯನ್ನು ಹುಡುಕಿ ಅಭ್ಯಾಸವಾದ ನಮ್ಮ ಕಣ್ಣಿಗೆ ಇದೊಂದೇ ದೊಡ್ಡ ಸುಖ. ಸರ್ಕಾರ ಬದಲಾದಂತೆಲ್ಲ ಸಂಸ್ಥೆಯ ಮುಖ್ಯಸ್ಥರ ನೇಮಕದ ಸುತ್ತ ಜಗಳ ಏಳುವುದು ಅಲ್ಲಿಯೂ ಇದೆ.

ಪೋರ್ಚುಗಲ್ಲಿನ ಸಾರ್ವಜನಿಕ ವಾಹಿನಿ ಆರ್‌ಟಿಪಿ ನನಗೆ ಇನ್ನೂ ಹತ್ತಿರದ್ದು. 1957ರ ಮಾರ್ಚ್ 7ರಂದು ನಿಯಮಿತ ಪ್ರಸಾರ ಆರಂಭಿಸಿದ ಈ ವಾಹಿನಿ 1992ರಲ್ಲಿ ‘ಸಿಕ್’ ಎಂಬ ಮೊದಲ ಖಾಸಗಿ ವಾಹಿನಿ ಬರುವವರೆಗೆ ಏಕಸ್ವಾಮ್ಯ ಹೊಂದಿತ್ತು. ಇದರ ಖರ್ಚಿನ ದೊಡ್ಡ ಪಾಲು ಬರುವುದು ಮನೆಮನೆಯ ವಿದ್ಯುತ್ ಬಿಲ್ಲಿನಲ್ಲಿ ಸೇರಿಸಿ ವಸೂಲಿ ಮಾಡುವ ಸಣ್ಣ ಮೊತ್ತದಿಂದ. (ನಮ್ಮ ಹೆಸ್ಕಾಂ ಬಿಲ್ಲಿನಲ್ಲಿ ದೂರದರ್ಶನದ ಹೆಸರಿನ ಒಂದು ಸಾಲು ಕಂಡರೆ ಕಾರವಾರದ ಓಣಿಗಳಲ್ಲಿ ಏನಾದೀತೆಂದು ಊಹಿಸಿಕೊಳ್ಳಬಹುದು.) ರಾತ್ರಿ ಎಂಟರ ವಾರ್ತೆ ನಮಗೆ ನಡುರಾತ್ರಿಯ ಮೇಲೆ ಬರುವುದರಿಂದ ಮರುದಿನ ಬೆಳಿಗ್ಗೆ ನೋಡುವುದೇ ಅನುಕೂಲ. ಲಿಸ್ಬನ್ನಿನವರು ಸ್ವರಗಳನ್ನು ನುಂಗಿ ಮಾತನಾಡುವ ಕಾರಣ ಕಿವಿಗೆ ಮೊದಮೊದಲು ಕಷ್ಟವಾಗುತ್ತದೆ.

ಆದರೆ ಆರ್‌ಟಿಪಿಯ ನಿಜವಾದ ಬೆಲೆ ಅದರ ದಾಖಲೆ ಸಂಗ್ರಹದಲ್ಲಿದೆ. ಹಳೆಯ ವಾರ್ತೆ, ಸಾಕ್ಷ್ಯಚಿತ್ರ, ಸಂದರ್ಶನಗಳನ್ನು ಸಂಸ್ಥೆ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟಿದ್ದು, ಗೋವಾಕ್ಕೆ ಸಂಬಂಧಿಸಿದ ತುಣುಕುಗಳೂ ಅಲ್ಲಿ ಸಿಗುತ್ತವೆ. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವಾ ಪ್ರವೇಶಿಸಿದಾಗ, ಕಾರವಾರದ ಕಣ್ಣೆದುರಿಗಿನ ಅಂಜದೀವ ದ್ವೀಪದಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟಾಗ, ಈ ವಾಹಿನಿಗೆ ಇನ್ನೂ ಐದು ವರ್ಷವೂ ತುಂಬಿರಲಿಲ್ಲ, ಮತ್ತು ಅದು ಸರ್ವಾಧಿಕಾರಿ ಸಾಲಜಾರ್ ಆಡಳಿತದ ಸೆನ್ಸಾರಿನ ಅಡಿಯಲ್ಲಿತ್ತು. ಡಿಸೆಂಬರ್ 19ರಂದು ಗವರ್ನರ್ ಜನರಲ್ ವಸ್ಸಾಲು ಇ ಸಿಲ್ವಾ ಶರಣಾದ ನಂತರವೂ ಲಿಸ್ಬನ್ ಸರ್ಕಾರ ಗೋವಾವನ್ನು ತನ್ನದೆಂದೇ ಹೇಳುತ್ತ ಬಂತು. ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು ಸರ್ವಾಧಿಕಾರ ಬಿದ್ದ ಮೇಲೆ, 1974ರ ಕೊನೆಯ ದಿನ. ಈ ಹಿನ್ನೆಲೆ ತಿಳಿದು ಆ ಕಾಲದ ತುಣುಕುಗಳನ್ನು ನೋಡುವಾಗ ಏನನ್ನು ತೋರಿಸಿಲ್ಲವೆಂಬುದೇ ಹೆಚ್ಚು ಮಾತನಾಡುತ್ತದೆ. ನಮ್ಮ ಕರಾವಳಿಯ ಇತಿಹಾಸ ಕಲಿಸುವ ಅಧ್ಯಾಪಕರು ಈ ಸಂಗ್ರಹವನ್ನು ತರಗತಿಗೆ ತರಬೇಕು.

ಪೋರ್ಚುಗಲ್ಲಿನ ಪತ್ರಿಕೆಗಳಲ್ಲಿ 1990ರ ‘ಪುಬ್ಲಿಕು’ ಗಂಭೀರ ಓದುಗರಿಗೆ ಹೊಂದುವ ದಿನಪತ್ರಿಕೆ. 1973ರಲ್ಲಿ, ಅಂದರೆ ಸರ್ವಾಧಿಕಾರವನ್ನು ಉರುಳಿಸಿದ ಕ್ರಾಂತಿಗೆ ಒಂದು ವರ್ಷ ಮುನ್ನ, ಸೆನ್ಸಾರಿನ ನೀಲಿ ಪೆನ್ಸಿಲಿನ ಕೆಳಗೇ ಹುಟ್ಟಿದ ‘ಇಶ್ಪ್ರೆಸ್ಸು’ ವಾರಪತ್ರಿಕೆ. ಎರಡರಲ್ಲಿ ಒಂದನ್ನು ಆರಿಸುವುದಾದರೆ, ದಿನವೂ ಓದಲು ಸಮಯವಿಲ್ಲದವರಿಗೆ ಎರಡನೆಯದು.

ಬ್ರೆಜಿಲ್‌ನಲ್ಲಿ ನಿಲ್ಲದೆ ಮುಂದೆ ಹೋಗುವಂತಿಲ್ಲ. ಸಾವ್ ಪಾವ್ಲೊ ನಗರದ ‘ಒ ಎಸ್ತಾದೊ ದೆ ಸಾವ್ ಪಾವ್ಲೊ’ 1875ರಿಂದ ಬರುತ್ತಿರುವ ಪತ್ರಿಕೆ. 1964ರ ಸೈನಿಕ ಕ್ರಾಂತಿಯನ್ನು ಆರಂಭದಲ್ಲಿ ಬೆಂಬಲಿಸಿದ ಈ ಪತ್ರಿಕೆ ಮುಂದೆ ಅದೇ ಸೈನ್ಯಾಡಳಿತದ ಸೆನ್ಸಾರಿಗೆ ಸಿಕ್ಕಿತು. 1970ರ ದಶಕದ ಮೊದಲ ಭಾಗದಲ್ಲಿ ಸೆನ್ಸಾರ್ ಅಧಿಕಾರಿಗಳು ಅಚ್ಚುಮನೆಯಲ್ಲೇ ಕುಳಿತು ವರದಿಗಳನ್ನು ಕತ್ತರಿಸತೊಡಗಿದರು. ಕತ್ತರಿಸಿದ ಜಾಗವನ್ನು ಖಾಲಿ ಬಿಡಲು ಅನುಮತಿಯಿರಲಿಲ್ಲ. ಆಗ ಸಂಪಾದಕರು ಆ ಜಾಗದಲ್ಲಿ ಹದಿನಾರನೆಯ ಶತಮಾನದ ಪೋರ್ಚುಗೀಸ್ ಕವಿ ಕಮೋಯಿಶನ ಮಹಾಕಾವ್ಯ ‘ಉಸ್ ಲುಜೀಯದಶ್’ನ ಪದ್ಯಗಳನ್ನು ಅಚ್ಚುಹಾಕಿದರು, ಅದೇ ಸಂಸ್ಥೆಯ ಸಂಜೆ ಪತ್ರಿಕೆ ‘ಜೊರ್ನಾಲ್ ದಾ ತಾರ್ದೆ’ ಅಡುಗೆಯ ವಿಧಾನಗಳನ್ನು ಹಾಕಿತು. ರಾಜಕೀಯ ಸುದ್ದಿಯ ನಡುವೆ ಇದ್ದಕ್ಕಿದ್ದಂತೆ ಹಳೆಯ ಷಟ್ಪದಿಯಂಥದೊಂದು ಎದುರಾದಾಗ ಇಲ್ಲಿ ಏನೋ ಕತ್ತರಿಯಾಗಿದೆ ಎಂದು ಓದುಗ ಅರ್ಥಮಾಡಿಕೊಳ್ಳಬೇಕಿತ್ತು. ಆ ಕಾವ್ಯದ ವಸ್ತು ವಾಸ್ಕೊ ಡ ಗಾಮನ ಭಾರತ ಯಾನ. ಗಾಮನ ಹಡಗುಗಳು 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ದುರಸ್ತಿಗೆಂದು ತಂಗಿದ್ದು ಇದೇ ಅಂಜದೀವದಲ್ಲಿ. ನಮ್ಮ ಕಡಲಿನಲ್ಲಿ ಹಾದುಹೋದ ಆ ಯಾನದ ಕಾವ್ಯ ಬ್ರೆಜಿಲ್ಲಿನ ಸೆನ್ಸಾರಿನ ಎದುರು ಕೆಲಸಕ್ಕೆ ಬಂದದ್ದು ಕಾರವಾರದಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ. ಪತ್ರಿಕೆಯ ಹಳೆಯ ಸಂಚಿಕೆಗಳ ಸಂಗ್ರಹ ಅಂತರ್ಜಾಲದಲ್ಲಿದ್ದು, ಈ ಪದ್ಯಗಳಿರುವ ಪುಟಗಳನ್ನು ಅಲ್ಲಿ ಕಾಣಬಹುದು. ಚಂದಾ ಕೊಡಲು ಇದು ಸಾಕಷ್ಟು ಕಾರಣವೆಂದು ನಾನು ಭಾವಿಸುತ್ತೇನೆ, ಅದರ ಇಂದಿನ ಸಂಪಾದಕೀಯಗಳು ಎಷ್ಟೇ ಮಾರುಕಟ್ಟೆಯ ಪರವಾಗಿದ್ದರೂ.

ದಿನದ ಓದಿಗೆ ಮಾತ್ರ ಅದೇ ನಗರದ ‘ಫೋಲ್ಯಾ ದೆ ಸಾವ್ ಪಾವ್ಲೊ’ ಮೇಲು. 1921ರಲ್ಲಿ ಬೇರುಬಿಟ್ಟ ಈ ಪತ್ರಿಕೆ 1989ರಲ್ಲಿ ಓದುಗರ ದೂರುಗಳನ್ನು ಕೇಳುವ ಸ್ವತಂತ್ರ ಪರಿಶೀಲಕರನ್ನು ನೇಮಿಸಿತು. ಪರಿಶೀಲಕರು ತಮ್ಮ ಅಂಕಣದಲ್ಲಿ ಸ್ವಂತ ಪತ್ರಿಕೆಯ ಮುಖಪುಟವನ್ನೇ ಬಹಿರಂಗವಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅವರ ಅವಧಿ ಮುಗಿಯುವವರೆಗೆ ಆಡಳಿತ ಅವರನ್ನು ತೆಗೆಯುವಂತಿಲ್ಲ. ಬ್ರೆಜಿಲ್ ರಾಜಕೀಯದ ಪರಿಚಯವಿಲ್ಲದ ಓದುಗರು ಈ ಅಂಕಣದಿಂದಲೇ ಓದಲು ತೊಡಗುವುದು ಒಳ್ಳೆಯದು, ಏಕೆಂದರೆ ಆ ವಾರದ ವಿವಾದವೇನು, ಅದನ್ನು ವರದಿಮಾಡಿದ ರೀತಿಯಲ್ಲಿ ಊನವೇನು ಎಂಬೆರಡೂ ಒಟ್ಟಿಗೆ ತಿಳಿಯುತ್ತವೆ. ಇಂಥ ಹುದ್ದೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಯಾಕಿಲ್ಲ ಎಂಬ ಪ್ರಶ್ನೆಯನ್ನು ಓದುಗರೇ ಕೇಳಿಕೊಳ್ಳಲಿ.

ಗ್ಲೋಬೊ ಜಾಲವನ್ನು ಕುರಿತು ಎಚ್ಚರಿಕೆಯಿಂದ ಬರೆಯಬೇಕು. ರೊಬೆರ್ತೊ ಮರೀನ್ಯೊ 1965ರ ಏಪ್ರಿಲ್ 26ರಂದು ರಿಯೊ ನಗರದಲ್ಲಿ ಆರಂಭಿಸಿದ ಟಿವಿ ಗ್ಲೋಬೊ ಸೈನ್ಯಾಡಳಿತದ ಕಾಲದಲ್ಲಿಯೇ ಇಡೀ ದೇಶವನ್ನು ವ್ಯಾಪಿಸಿತು. 1969ರ ಸೆಪ್ಟೆಂಬರಿನಿಂದ ಬರುತ್ತಿರುವ ಅದರ ರಾತ್ರಿ ವಾರ್ತೆ ‘ಜೊರ್ನಾಲ್ ನಾಸಿಯೊನಾಲ್’, ಅದರ ಹಿಂದೆ ಮುಂದೆ ಧಾರಾವಾಹಿಗಳು: ಈ ಜೋಡಣೆಯೇ ಕೋಟ್ಯಂತರ ಜನರ ಊಟದ ಹೊತ್ತನ್ನು ನಿರ್ಧರಿಸಿತು. 1984ರ ಜನವರಿ 25ರಂದು ಸಾವ್ ಪಾವ್ಲೊದಲ್ಲಿ ಅಧ್ಯಕ್ಷರ ನೇರ ಚುನಾವಣೆಗಾಗಿ ಲಕ್ಷಾಂತರ ಜನ ಸೇರಿದ್ದನ್ನು ಈ ವಾರ್ತೆ ನಗರದ ಹುಟ್ಟುಹಬ್ಬದ ಸಂಭ್ರಮದ ಭಾಗವೆಂಬಂತೆ ಪರಿಚಯಿಸಿದ್ದು ಅಲ್ಲಿನ ಪತ್ರಿಕೋದ್ಯಮದ ಪಾಠಗಳಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ಇದೇ ಸಮೂಹದ ‘ಒ ಗ್ಲೋಬೊ’ ಪತ್ರಿಕೆ, 1964ರ ಕ್ರಾಂತಿಗೆ ತಾನು ನೀಡಿದ ಸಂಪಾದಕೀಯ ಬೆಂಬಲ ತಪ್ಪಾಗಿತ್ತೆಂದು ಒಪ್ಪಿಕೊಂಡದ್ದು 2013ರಲ್ಲಿ. ನಲವತ್ತೊಂಬತ್ತು ವರ್ಷ ತಡವಾದ ಒಪ್ಪಿಗೆಗೆ ನಾನು ಪೂರ್ತಿ ಅಂಕ ಕೊಡಲಾರೆ. ಆದರೂ ಎಂದೂ ಒಪ್ಪಿಕೊಳ್ಳದವರಿಗಿಂತ ಇದು ವಾಸಿ. ತಾಂತ್ರಿಕವಾಗಿ ನೋಡಿದರೆ ಗ್ಲೋಬೊದ ವಾರ್ತೆಯಷ್ಟು ನಯವಾಗಿ ಕಟ್ಟಿದ ಕಾರ್ಯಕ್ರಮ ಈ ಎರಡು ಭಾಷೆಗಳಲ್ಲಿ ಬೇರೆಲ್ಲಿಯೂ ಇಲ್ಲ. ಅದು ನಮಗೆ ಬರುವುದು ಬೆಳಗಿನ ಐದಕ್ಕೆ, ಬೈತಖೋಲದ ಬಂದರಿಗೆ ದೋಣಿಗಳು ಮರಳುವ ಹೊತ್ತಿಗೆ.

ಮೆಕ್ಸಿಕೊದ ತೆಲೆವಿಸಾವನ್ನು ಸುದ್ದಿಗಾಗಿ ನೋಡುವ ಅಗತ್ಯ ನನಗೆ ಕಂಡಿಲ್ಲ. ಅದರ ಹಿಂದಿನ ಒಡೆಯ ಎಮಿಲಿಯೊ ಅಸ್ಕಾರ್ರಾಗಾ ಮಿಲ್ಮೊ ತನ್ನನ್ನು ಆಳುವ ಪಕ್ಷದ ಸೈನಿಕನೆಂದು ಬಹಿರಂಗವಾಗಿಯೇ ಕರೆದುಕೊಂಡಿದ್ದ. ಆ ಕಾಲ ಕಳೆದಿದೆಯಾದರೂ ಮನರಂಜನೆಯೇ ಅದರ ಬಲ. ದೂರದರ್ಶನವನ್ನು ಅಧಿಕಾರಸ್ಥರು ಎಷ್ಟು ದುಬಾರಿಯ ಸರಕೆಂದು ಎಣಿಸಿದ್ದರೆಂಬುದಕ್ಕೆ ಪೆರು ದೇಶದ ಉದಾಹರಣೆ ಸಾಕು. ಅಲ್ಲಿ ಅಧ್ಯಕ್ಷ ಫುಜಿಮೊರಿಯ ಗುಪ್ತಚರ ಮುಖ್ಯಸ್ಥ ಮೊಂತೆಸಿನೋಸ್, ಲಂಚ ಕೊಡುವ ದೃಶ್ಯಗಳನ್ನು ತಾನೇ ಚಿತ್ರೀಕರಿಸಿ ಇಟ್ಟುಕೊಂಡಿದ್ದ. ನ್ಯಾಯಾಧೀಶರಿಗೆ, ಶಾಸಕರಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತ ವಾಹಿನಿಗಳ ಮಾಲೀಕರಿಗೆ ಸಂದಿತ್ತು. 2000ದ ಸೆಪ್ಟೆಂಬರ್ 14ರಂದು ಅಂಥ ಮೊದಲ ದೃಶ್ಯವನ್ನು ಪ್ರಸಾರ ಮಾಡಿದ್ದು ‘ಕನಾಲ್ ಎನ್ನೆ’ ಎಂಬ ಸಣ್ಣ ಕೇಬಲ್ ವಾಹಿನಿ, ಮತ್ತು ಎರಡೂವರೆ ತಿಂಗಳೊಳಗೆ ಫುಜಿಮೊರಿಯ ಆಡಳಿತವೇ ಮುಗಿದಿತ್ತು.

ಅರ್ಜೆಂಟೀನಾದಲ್ಲಿ 1870ರ ‘ಲಾ ನಾಸಿಯೋನ್’ ಮತ್ತು 1945ರ ‘ಕ್ಲಾರಿನ್’ ಎರಡೂ ವೃತ್ತಿಪರವಾಗಿವೆ, ಎರಡೂ ತಮ್ಮ ಹಗೆತನಗಳನ್ನು ಸುದ್ದಿಯೊಳಗೆ ಸೇರಿಸುತ್ತವೆ. 2002ರ ಜೂನಿನಲ್ಲಿ ಪೊಲೀಸರು ಇಬ್ಬರು ಯುವ ಪ್ರತಿಭಟನಕಾರರನ್ನು ಗುಂಡಿಕ್ಕಿ ಕೊಂದಾಗ ಕ್ಲಾರಿನ್ ಮುಖಪುಟದಲ್ಲಿ ಬಿಕ್ಕಟ್ಟು ಮತ್ತೆರಡು ಸಾವು ತಂದಿತೆಂಬರ್ಥದ ತಲೆಬರಹ ಹಾಕಿತು. ಗುಂಡು ಹಾರಿಸಿದವರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿನ ಪತ್ರಿಕೆಗಳಿಗೆ ಚಂದಾ ಕೊಡದೆ, ಎಲ್ ಪಾಯೀಸಿನ ವರದಿಗಳ ಮೂಲಕವೇ ಆ ದೇಶವನ್ನು ಅನುಸರಿಸುತ್ತೇನೆ. ಚಿಲಿಯ ‘ಎಲ್ ಮೆರ್ಕೂರಿಯೊ’ 1827ರಲ್ಲಿ ವಾಲ್ಪರೈಸೊದಲ್ಲಿ ಹುಟ್ಟಿದ್ದೆಂಬ ಗೌರವವೊಂದನ್ನು ಬಿಟ್ಟರೆ, ಎಡಪಂಥೀಯ ಅಧ್ಯಕ್ಷ ಅಯೆಂದೆ ವಿರುದ್ಧ ಅಮೆರಿಕದ ಗುಪ್ತಚರ ಸಂಸ್ಥೆಯಿಂದ ಹಣ ಪಡೆದದ್ದು ಅಮೆರಿಕದ ಸೆನೆಟ್ ಸಮಿತಿಯ ದಾಖಲೆಯಲ್ಲೇ ಇರುವ ಪತ್ರಿಕೆ.

ಕೊಲಂಬಿಯಾದ ‘ಎಲ್ ಎಸ್ಪೆಕ್ತಾದೋರ್’ ಬೇರೆಯ ಜಾತಿಯದು. 1887ರಲ್ಲಿ ಫಿದೆಲ್ ಕಾನೊ ಮೆದೆಯೀನ್ ನಗರದಲ್ಲಿ ಆರಂಭಿಸಿದ ಈ ಪತ್ರಿಕೆಯ ಸಂಪಾದಕ ಗಿಯೆರ್ಮೊ ಕಾನೊ, ಮಾದಕವಸ್ತು ದಂಧೆಯ ಪಾಬ್ಲೊ ಎಸ್ಕೊಬಾರನ ಹಿಂದಿನ ಅಪರಾಧವನ್ನು ಹಳೆಯ ಸಂಚಿಕೆಗಳಿಂದ ಹುಡುಕಿ ತೆಗೆದು ಮರುಪ್ರಕಟಿಸಿದವರು. 1986ರ ಡಿಸೆಂಬರ್ 17ರಂದು ಕಚೇರಿಯ ಎದುರಿಗೇ ಅವರನ್ನು ಕೊಂದರು. 1989ರ ಸೆಪ್ಟೆಂಬರಿನಲ್ಲಿ ಕಚೇರಿಯ ಬಳಿ ಬಾಂಬು ಸಿಡಿಯಿತು. ಮರುದಿನದ ಪತ್ರಿಕೆ ಹೊರಟೇ ಹೊರಟಿತು. ಯುನೆಸ್ಕೊ 1997ರಿಂದ ಪತ್ರಿಕಾ ಸ್ವಾತಂತ್ರ್ಯಕ್ಕೆ ಕೊಡುವ ಪ್ರಶಸ್ತಿ ಕಾನೊ ಅವರ ಹೆಸರಿನಲ್ಲಿದೆ.

2025ರಲ್ಲಿ ಆ ಪ್ರಶಸ್ತಿ ಸಂದದ್ದು ನಿಕರಾಗುವಾದ ‘ಲಾ ಪ್ರೆನ್ಸಾ’ಕ್ಕೆ, ಅದನ್ನು ಪ್ರತಿಭಟಿಸಿ ನಿಕರಾಗುವಾ ಸರ್ಕಾರ ಯುನೆಸ್ಕೊದಿಂದಲೇ ಹೊರಬರುವುದಾಗಿ ಘೋಷಿಸಿತು. 1926ರಲ್ಲಿ ಹುಟ್ಟಿದ ಈ ಪತ್ರಿಕೆಯ ಸಂಪಾದಕ ಪೆದ್ರೊ ಹೋಕಿನ್ ಚಮೋರೊ ಅವರನ್ನು 1978ರ ಜನವರಿಯಲ್ಲಿ ಕೊಂದಾಗ ಎದ್ದ ಜನರ ಸಿಟ್ಟು ಸೊಮೊಸಾ ಸರ್ವಾಧಿಕಾರದ ಪತನಕ್ಕೆ ದಾರಿಮಾಡಿತು. ಅಂದು ಸೊಮೊಸಾನನ್ನು ಉರುಳಿಸಿದ ಬಂಡುಕೋರರ ನಾಯಕರಲ್ಲೊಬ್ಬರಾದ ಒರ್ತೆಗಾರ ಆಡಳಿತವೇ ಇಂದು ಅದನ್ನು ಬಾಯಿಮುಚ್ಚಿಸಿದೆ: ಆಮದಾದ ಮುದ್ರಣ ಕಾಗದವನ್ನು ಸುಂಕದ ಕಟ್ಟೆಯಲ್ಲೇ ತಡೆಹಿಡಿದ ಕಾರಣ 2021ರ ಆಗಸ್ಟಿನಲ್ಲಿ ಅಚ್ಚು ನಿಂತಿತು, ಬೆನ್ನಿಗೇ ಪೊಲೀಸರು ಕಚೇರಿಗೆ ನುಗ್ಗಿದರು. ಈಗ ಅದರ ಸಿಬ್ಬಂದಿ ದೇಶಭ್ರಷ್ಟರಾಗಿ ಹೊರಗಿನಿಂದ ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದಾರೆ. ಪಕ್ಕದ ಎಲ್ ಸಾಲ್ವಡಾರಿನ ‘ಎಲ್ ಫಾರೊ’ 1998ರಲ್ಲೇ ಕಾಗದದ ಗೊಡವೆಯಿಲ್ಲದೆ ಅಂತರ್ಜಾಲದಲ್ಲಿ ಆರಂಭವಾದದ್ದು. ಅದರ ಪತ್ರಕರ್ತರ ಫೋನುಗಳಲ್ಲಿ ಪೆಗಾಸಸ್ ಗೂಢಚಾರಿ ತಂತ್ರಾಂಶ ಸಿಕ್ಕಿದ್ದು 2022ರಲ್ಲಿ ಬಯಲಾಯಿತು, ಮರುವರ್ಷ ಸಂಸ್ಥೆ ತನ್ನ ಕಾನೂನು ನೆಲೆಯನ್ನು ಕೋಸ್ಟರಿಕಾಕ್ಕೆ ಸಾಗಿಸಿತು. ವರದಿಯ ಗುಣಮಟ್ಟದಲ್ಲಿ, ಅದರಲ್ಲೂ ಅಪರಾಧಿ ತಂಡಗಳೊಂದಿಗೆ ಸರ್ಕಾರ ನಡೆಸಿದ ಗುಟ್ಟಿನ ಮಾತುಕತೆಗಳ ತನಿಖೆಯಲ್ಲಿ, ಈ ಚಿಕ್ಕ ತಂಡ ಮೇಲೆ ಹೇಳಿದ ಹಲವು ದೊಡ್ಡ ಮನೆಗಳನ್ನು ಮೀರಿಸುತ್ತದೆ. ಓದಲು ಹಣ ಕೇಳುವುದಿಲ್ಲ, ಇಂಗ್ಲಿಷ್ ಆವೃತ್ತಿಯೂ ಇದೆ.

ಆಫ್ರಿಕಾದ ಪೋರ್ಚುಗೀಸ್ ದೇಶಗಳನ್ನು ನಾನು ಆರ್‌ಟಿಪಿಯ ಆಫ್ರಿಕಾ ವಾಹಿನಿಯ ಮೂಲಕ ನೋಡುತ್ತೇನೆ. ಮೊಜಾಂಬಿಕ್‌ನಲ್ಲಿ 1992ರಲ್ಲಿ ಫ್ಯಾಕ್ಸ್ ಮೂಲಕ ಚಂದಾದಾರರಿಗೆ ತಲುಪುವ ದಿನಪತ್ರಿಕೆ ‘ಮೀಡಿಯಾಫ್ಯಾಕ್ಸ್’ ಆರಂಭವಾಗಿತ್ತು. ಕಾಗದವೂ ಅಚ್ಚುಮನೆಯೂ ದುಬಾರಿಯಾದ ದೇಶದಲ್ಲಿ ಅದೊಂದು ಜಾಣ ಉಪಾಯ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಕಾರ್ಲುಸ್ ಕಾರ್ದೋಜು ಬ್ಯಾಂಕ್ ವಂಚನೆಯೊಂದರ ಬೆನ್ನುಹತ್ತಿದ್ದಾಗ 2000ದ ನವೆಂಬರಿನಲ್ಲಿ ಮಪುಟೊದಲ್ಲಿ ಕೊಲೆಯಾದರು.

ಪಾವತಿಯ ಬಗ್ಗೆ ಒಂದು ಮಾತು. 2021ರ ಅಕ್ಟೋಬರಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ವಿದೇಶಿ ಚಂದಾಗಳು ಹಲವು ಕಾರ್ಡುಗಳಲ್ಲಿ ನಡುವೆಯೇ ನಿಂತುಹೋಗುತ್ತವೆ. ಆದ್ದರಿಂದ ವಾರ್ಷಿಕ ಚಂದಾವನ್ನು ಒಮ್ಮೆಗೇ ಕಟ್ಟುವುದು ಲೇಸು. ಯೂರೊ, ಡಾಲರ್ ಬಿಲ್ಲಿನ ಮೇಲೆ ಬ್ಯಾಂಕು ಹಾಕುವ ವಿದೇಶಿ ವಹಿವಾಟು ಶುಲ್ಕವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನಾನು ಎಲ್ ಪಾಯೀಸ್ ಮತ್ತು ಫೋಲ್ಯಾ ಚಂದಾಗಳನ್ನು ಮುಂದುವರಿಸುತ್ತೇನೆ. ಎಸ್ತಾದೊ ಪತ್ರಿಕೆಯದನ್ನು ಹಳೆಯ ಪುಟಗಳನ್ನು ನೋಡಿ ಮುಗಿಯುವವರೆಗೆ ಇಟ್ಟುಕೊಂಡು, ಆ ಬಳಿಕ ಉಳಿಯುವ ಹಣವನ್ನು ಎಲ್ ಫಾರೊಗೆ ದೇಣಿಗೆಯಾಗಿ ಕಳುಹಿಸುವ ವಿಚಾರವಿದೆ.